ಮಾಗಿಯಲ್ಲಿ ಮಲೆಗೆ ಬಂದವರು

ಡಿಸೆಂಬರ್ ತಿಂಗಳು ಬಂತೆಂದರೆ ದಕ್ಷಿಣ ಭಾರತದ ಸಂಗೀತಪ್ರಿಯರ ಮನಸ್ಸು ಚೆನ್ನೈ ನಗರದತ್ತ ತಿರುಗುತ್ತದೆ. 1927ರ ಡಿಸೆಂಬರಿನಲ್ಲಿ ಆಗಿನ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಜೊತೆಗೇ ಒಂದು ಸಂಗೀತ ಸಮ್ಮೇಳನವೂ ಸೇರಿತ್ತು. ಅದರ ಫಲವಾಗಿ ಮರುವರ್ಷ ಮ್ಯೂಸಿಕ್ ಅಕಾಡೆಮಿ ಸ್ಥಾಪನೆಗೊಂಡಿತು. ಧನುರ್ಮಾಸದ ಆ ಕಛೇರಿಗಳನ್ನು ಕೇಳಲು ಇಂದು ಕಡಲಾಚೆಯಿಂದಲೂ ಜನ ಬರುತ್ತಾರೆ. ಚಳಿಗಾಲವೆಂದರೆ ಸಂಗೀತ, ಸಂಗೀತವೆಂದರೆ ಅತಿಥಿಗಳು ಎಂಬ ರೂಢಿ ಆ ನಗರದಲ್ಲಿ ಬಲವಾಗಿ ಬೇರೂರಿದೆ.

ಅದೇ ವಾರಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಪಡುವಣ ಅಂಚಿಗೂ, ಸಕಲೇಶಪುರ ಮತ್ತು ಆಲೂರಿನ ಬೆಟ್ಟಗಳಿಗೂ, ಅತಿಥಿಗಳು ಬರುತ್ತಾರೆ. ಶುಕ್ರವಾರದ ಇರುಳು ಬೆಂಗಳೂರಿನಿಂದ ಹೊರಟ ಕಾರುಗಳು ಶನಿವಾರ ಬೆಳಗಿನ ಮಂಜಿನಲ್ಲಿ ದೀಪ ಹೊತ್ತಿಸಿಕೊಂಡೇ ಹೇಮಾವತಿಯ ಸೇತುವೆ ದಾಟುತ್ತವೆ. ಮಂಜರಾಬಾದ್ ಕೋಟೆ, ಬಿಸಿಲೆಯ ಕಾಡು, ಜೇನುಕಲ್ಲು ಗುಡ್ಡ, ಶೆಟ್ಟಿಹಳ್ಳಿಯ ಪಾಳು ಚರ್ಚು, ಹೋಮ್‌ಸ್ಟೇಯ ಅಂಗಳದಲ್ಲಿ ಬೆಂಕಿ, ಬೆಳಿಗ್ಗೆ ಕಾಫಿ ತೋಟದಲ್ಲಿ ಒಂದು ಸುತ್ತು: ಹೀಗೆ ಎರಡು ದಿನದ ಪ್ರವಾಸ ಮುಗಿಯುತ್ತದೆ. ಅತಿಥಿಗಳಿಗೆ ಊಟ ಬಡಿಸುವವರಲ್ಲಿ, ದಾರಿ ತೋರಿಸುವವರಲ್ಲಿ, ತೋಟದಲ್ಲಿ ಹಣ್ಣು ಕೊಯ್ಯುವವರಲ್ಲಿ ನಮ್ಮ ಧರ್ಮಕೇಂದ್ರಗಳ ಕುಟುಂಬಗಳವರೂ ಉಂಟು. ಆದುದರಿಂದ ಈ ಮಾಗಿಯ ಋತುವಿಗೆ ಒಂದು ಇತಿಹಾಸವಿದೆಯೇ, ಇದ್ದರೆ ಅದು ಯಾರದು ಎಂದು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಮಳೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬೆಟ್ಟಗಳ ಬದುಕು ಸುರಿಯುವ ಮಳೆಗೆ ಒಳಪಟ್ಟದ್ದು. ಟಾರು ರಸ್ತೆಯಿಲ್ಲದ ಕಾಲದಲ್ಲಿ ಹಳ್ಳಗಳು ತುಂಬಿದವೆಂದರೆ ಒಂದು ಹಳ್ಳಿಗೂ ಇನ್ನೊಂದು ಹಳ್ಳಿಗೂ ಸಂಬಂಧ ಕಡಿದುಹೋಗುತ್ತಿತ್ತು. ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆ ಎಲ್ಲವನ್ನೂ ಮೊದಲೇ ಕೂಡಿಟ್ಟುಕೊಂಡವನು ಬದುಕಿಕೊಳ್ಳುತ್ತಿದ್ದನು. ದೀಪಾವಳಿ ಕಳೆದು ಆಕಾಶ ತಿಳಿಯಾದ ಮೇಲೆ, ನೆಲ ಗಟ್ಟಿಯಾದ ಮೇಲೆ, ಮಲೆಯ ಬಾಗಿಲು ತೆರೆಯುತ್ತಿತ್ತು. ಹೊರಗಿನವರು ಬರುವುದಿದ್ದರೂ ಒಳಗಿನವರು ಹೋಗುವುದಿದ್ದರೂ ಆಗಲೇ. ಹೇರೆತ್ತುಗಳ ಸಾಲು ಮಲೆನಾಡಿನ ಅಕ್ಕಿಯನ್ನು ಘಟ್ಟದ ಕೆಳಕ್ಕೆ ಇಳಿಸಿ ಕರಾವಳಿಯ ಉಪ್ಪನ್ನು ಮೇಲಕ್ಕೆ ತರುತ್ತಿದ್ದುದು ಈ ಒಣ ತಿಂಗಳುಗಳಲ್ಲೇ.

ಆ ದಾರಿಯ ಮೇಲೆ ಕಣ್ಣಿಡಲೆಂದೇ ಟಿಪ್ಪು ಸುಲ್ತಾನನು 1792ರಲ್ಲಿ ಮಂಜರಾಬಾದ್ ಕೋಟೆಯನ್ನು ಪೂರ್ಣಗೊಳಿಸಿದನು. ಎಂಟು ಮೊನೆಗಳ ನಕ್ಷತ್ರದ ಆಕಾರ. ಫ್ರಾನ್ಸಿನ ವೋಬಾನ್ ಎಂಬ ಶಿಲ್ಪಿಯ ಮಾದರಿಯದು. ಗುಡ್ಡ ಮಂಜಿನಲ್ಲಿ ಮುಳುಗಿದ್ದನ್ನು ಕಂಡು ಸುಲ್ತಾನನು ಈ ಹೆಸರಿಟ್ಟನೆಂದು ಜನ ಹೇಳುತ್ತಾರೆ. ಮುಂದೆ ಬಹುಕಾಲ ಇಡೀ ತಾಲ್ಲೂಕಿಗೇ ಮಂಜರಾಬಾದ್ ಎಂಬ ಹೆಸರಿತ್ತು. ಕೋಟೆಯ ವಿಚಾರ ಇಷ್ಟು ಸಾಕು. ಅದನ್ನು ವರ್ಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ, ಮೇಲಿನಿಂದ ತೆಗೆದ ಅದರ ಚಿತ್ರವನ್ನು ನೋಡದವರೂ ಈಗ ವಿರಳ.

ಈ ಬೆಟ್ಟಗಳ ಚಳಿಗಾಲವನ್ನು ನಿಜವಾಗಿ ಬದಲಿಸಿದ್ದು ಕಾಫಿ. ಬಾಬಾಬುಡನ್ ಗಿರಿಯಿಂದ ಹಬ್ಬಿದ ಈ ಗಿಡ ಬಹುಕಾಲ ಹಿತ್ತಲ ಬೆಳೆಯಾಗಿಯೇ ಇತ್ತು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ದಿನಗಳಲ್ಲಿ, ಅಂದರೆ 1831ರಿಂದ 1881ರವರೆಗಿನ ಅವಧಿಯಲ್ಲಿ, ಯುರೋಪಿಯನ್ ತೋಟಗಾರರು ಮಂಜರಾಬಾದಿನ ಕಾಡುಗಳಿಗೆ ಕಾಲಿಟ್ಟರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬಾತ 1850ರ ದಶಕದಲ್ಲಿ ಇಲ್ಲಿ ತೋಟ ಹಾಕಿದನು. 1871ರಲ್ಲಿ ತನ್ನ ತೋಟಗಾರಿಕೆಯ ಅನುಭವಗಳ ಕುರಿತೂ, 1894ರಲ್ಲಿ ಮೈಸೂರು ಸೀಮೆಯ ಚಿನ್ನ, ಬೇಟೆ ಮತ್ತು ಕಾಫಿಯ ಕುರಿತೂ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದನು. ಕಾಡಿನ ಮರಗಳನ್ನು ಪೂರ್ತಿ ಕಡಿಯದೆ ಅವುಗಳ ನೆರಳಿನಲ್ಲಿ ಕಾಫಿ ಬೆಳೆಯಬೇಕೆಂಬ ವಿಚಾರವನ್ನು ಅವನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಇಂದಿನ ಅತಿಥಿ ತೋಟದ ದಾರಿಯಲ್ಲಿ ನಡೆಯುವಾಗ ಮೆಚ್ಚಿಕೊಳ್ಳುವ ಆ ತಂಪು ನೆರಳು ಹೀಗೆ ಬೇಸಾಯದ ಅಗತ್ಯದಿಂದ ಉಳಿದುಕೊಂಡದ್ದು.

ಕಾಫಿಯ ಕೊಯ್ಲಿಗೂ ಮಾಗಿಗೂ ಇರುವ ನಂಟನ್ನು ತೋಟದ ಕುಟುಂಬಗಳಿಗೆ ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗಾಗಿ ನಾಲ್ಕು ಮಾತು. ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ ಜನವರಿಯವರೆಗೆ. ರೋಬಸ್ಟಾ ಅದರ ಬೆನ್ನಿಗೆ ಬರುತ್ತದೆ. ಒಂದೇ ರೆಂಬೆಯಲ್ಲಿ ಒಂದು ಕಾಯಿ ಕೆಂಪೇರಿದಾಗ ಪಕ್ಕದ್ದು ಇನ್ನೂ ಹಸಿರಾಗಿರುತ್ತದೆ. ಆದ್ದರಿಂದ ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಕೈ ಹಾಕಬೇಕು. ಕೊನೆಗೆ ಉಳಿದದ್ದನ್ನೆಲ್ಲ ಉದುರಿಸಿ, ನೆಲಕ್ಕೆ ಬಿದ್ದ ಹಣ್ಣನ್ನೂ ಹೆಕ್ಕಬೇಕು. ಪಾರ್ಚ್‌ಮೆಂಟ್ ಮಾಡುವುದಾದರೆ ಅಂದು ಕೊಯ್ದ ಹಣ್ಣನ್ನು ತಡಮಾಡದೆ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಕಣದಲ್ಲಿ ಹರಡಬೇಕು. ಚೆರಿಯಾದರೆ ಹಣ್ಣನ್ನು ಇಡಿಯಾಗಿಯೇ ಒಣಗಿಸಬೇಕು. ಬೆಳಗಿನ ಮಂಜು ಕರಗಿದ ಮೇಲಿನ ಬಿಸಿಲು ಇದಕ್ಕೆಲ್ಲ ಆಧಾರ. ಇಷ್ಟು ಕೆಲಸ ಎರಡು ಮೂರು ತಿಂಗಳೊಳಗೆ ಮುಗಿಯಬೇಕು. ಅದಕ್ಕೆ ಬೇಕಾದಷ್ಟು ಕೈಗಳು ಈ ಬೆಟ್ಟಗಳಲ್ಲಿ ಎಂದೂ ಇರಲಿಲ್ಲ.

ಕೈಗಳು ಹೊರಗಿನಿಂದ ಬಂದವು. ಪಡುವಣದಿಂದ ತುಳು ಮಾತಾಡುವ ಜನ ಘಟ್ಟ ಹತ್ತಿದರು. ಮೂಡಣದಿಂದ ಹಾಸನ ಸೀಮೆಯ ಬಯಲಿನವರು, ತಮ್ಮ ಹೊಲದ ರಾಗಿ ಮನೆಗೆ ಸೇರಿದ ಮೇಲೆ ಬಂದರು. ಮೇಸ್ತ್ರಿಯೊಬ್ಬನು ತೋಟದಿಂದ ಮುಂಗಡ ಹಣ ತಂದು ಹಳ್ಳಿಯಲ್ಲಿ ಹಂಚುವನು. ಹಣ ಪಡೆದವರು ಅವನ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಹೊರಡುವರು. ಹೊತ್ತದ್ದು ಚಾಪೆ, ಮಡಕೆ, ಕಂಬಳಿ, ಕಂಕುಳಲ್ಲಿ ಮಗು. ಮುಂಗಡವೆಂಬುದು ಸಾಲವೇ ಆಗಿದ್ದುದರಿಂದ ಋತು ಮುಗಿದರೂ ಲೆಕ್ಕ ಮುಗಿಯದೆ ಮರುವರ್ಷವೂ ಅದೇ ತೋಟಕ್ಕೆ ಬರಬೇಕಾದವರು ಎಷ್ಟೋ ಮಂದಿ. ಈ ಬೆಟ್ಟಗಳಿಗೆ ಮಾಗಿಯಲ್ಲಿ ದಂಡಾಗಿ ಬಂದ ಮೊದಲ ಪರಸ್ಥಳದವರು ಇವರೇ. ನೋಟ ನೋಡಲೆಂದು ಯಾರೂ ಬಂದವರಲ್ಲ.

ಮಲೆನಾಡಿನ ಹೆಸರು ಕೇಳಿದರೆ ಆಗ ಬಯಲಿನವರು ಬೆಚ್ಚುತ್ತಿದ್ದರು. ಮಲೇರಿಯ, ನಮ್ಮ ಹಿರಿಯರು ಚಳಿಜ್ವರವೆನ್ನುತ್ತಿದ್ದ ಪಿಡುಗು, ತೋಟದ ಲೈನು ಮನೆಗಳಲ್ಲಿ ಪ್ರತಿವರ್ಷ ಬಲಿ ತೆಗೆದುಕೊಳ್ಳುತ್ತಿತ್ತು. ಸ್ವಾತಂತ್ರ್ಯಾನಂತರ ಡಿ.ಡಿ.ಟಿ. ಸಿಂಪಡಿಸತೊಡಗಿದ ಮೇಲಷ್ಟೇ ಆ ಭಯ ತಗ್ಗಿತು. ಆರೋಗ್ಯಕ್ಕಾಗಿ ಬೆಟ್ಟದ ಗಾಳಿ ಸೇವಿಸಲು ಬರುವ ಇಂದಿನ ಪ್ರವಾಸಿಗೆ ಇದು ನಂಬಲಾಗದ ಸಂಗತಿಯಾಗಿ ತೋರಬಹುದು. ಮಲೆಗೆ ಹೋದವನು ಮರಳಿದರೆ ಹರಕೆ ತೀರಿಸಬೇಕೆಂದುಕೊಳ್ಳುತ್ತಿದ್ದ ಮನೆಗಳೂ ಇದ್ದವು.

ಈ ಜನರ ಬದುಕು ಸಾಹಿತ್ಯದಲ್ಲಿ ಕಾಣಿಸಿಕೊಂಡದ್ದಕ್ಕೆ ಒಂದು ಹೆಸರಾಂತ ನಿದರ್ಶನವಿದೆ. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರು 1938ರಲ್ಲಿ ಪ್ರಕಟಿಸಿದ 'ಕಾಂತಾಪುರ' ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಹೇಮಾವತಿ ನದಿ, ಊರನ್ನು ಕಾಯುವ ಕೆಂಚಮ್ಮ, ಬೆಟ್ಟದ ಮೇಲಿನ ಬಿಳಿಯರ ಕಾಫಿ ತೋಟ ಮತ್ತು ದೂರದಿಂದ ಸಾಲುಗಟ್ಟಿ ಬರುವ ಕೂಲಿಗಳು ಎಲ್ಲವೂ ಇವೆ. ಕಾದಂಬರಿಯ ಊರು ಕಲ್ಪಿತವಾದರೂ ಕೆಂಚಮ್ಮ ಕಲ್ಪಿತಳಲ್ಲ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯಲ್ಲಿ ಆಕೆಯ ಗುಡಿ ಇಂದಿಗೂ ಇದೆ, ಸುತ್ತಣ ಊರುಗಳ ಜನ ಆಕೆಗೆ ನಡೆದುಕೊಳ್ಳುತ್ತಾರೆ.

ಹಾಡಿನ ಪ್ರಸ್ತಾಪಕ್ಕೆ ಬರೋಣ. ಕಾಫಿ ಸಾಲುಗಳ ನಡುವೆ ಕುಕ್ಕೆ ಕಟ್ಟಿಕೊಂಡು ನಿಂತವರಿಗೆ ಹಾಡು ಒಂದು ಆಸರೆ. ತುಳುವರು ತಮ್ಮ ಪಾಡ್ದನಗಳನ್ನು ತಂದರು. ಬಯಲಿನ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕಲಿತ ತ್ರಿಪದಿಗಳನ್ನು ತಂದರು. ಒಬ್ಬಳು ಎತ್ತಿಕೊಟ್ಟರೆ ಇತರರು ಹಿಂದಿನಿಂದ ಸೊಲ್ಲು ಸೇರಿಸುವ ಹಾಡುಗಳಿಗೆ ಕೆಲಸದ ಕೈಗಳೇ ತಾಳ. ಸಂಜೆ ಹಣ್ಣನ್ನು ಬುಶೆಲ್ ಪೆಟ್ಟಿಗೆಯಲ್ಲಿ ಅಳೆದು ಕೊಟ್ಟು, ರೈಟರು ಹೆಸರು ಕೂಗಿ ಲೆಕ್ಕ ಬರೆದುಕೊಂಡ ಮೇಲೆ, ಲೈನು ಮನೆಗಳ ಮುಂದೆ ಬೆಂಕಿ ಹಾಕಿ ಕುಳಿತಾಗ ಮತ್ತೊಂದು ಬಗೆಯ ಹಾಡು. ಚೆನ್ನೈಯ ಸಭಾಗಳಲ್ಲಿ ಯಾರು ಯಾವ ವರ್ಷ ಏನು ಹಾಡಿದರೆಂಬುದಕ್ಕೆ ದಾಖಲೆಗಳಿವೆ. ಕಾಫಿ ಕಣದ ಹಾಡುಗಳನ್ನು ಬರೆದಿಟ್ಟವರು ತೀರ ಕಡಿಮೆ, ಹಾಡಿದವರ ಹೆಸರುಗಳಂತೂ ತೋಟದ ಹಾಜರಿ ಪುಸ್ತಕದೊಡನೆಯೇ ಗೆದ್ದಲಿಗೆ ಹೋದವು.

ತೋಟದ ಮಾಲೀಕರಾಗಿದ್ದ ಬಿಳಿಯರಿಗೂ ಚಳಿಗಾಲವೇ ಕೂಟದ ಕಾಲ. ಮಳೆಗಾಲವನ್ನೆಲ್ಲ ಒಂಟಿ ಬಂಗಲೆಯಲ್ಲಿ ಕಳೆದವರು ಕ್ರಿಸ್ಮಸ್ ಮತ್ತು ಹೊಸ ವರ್ಷಕ್ಕೆ ಒಂದೆಡೆ ಸೇರುತ್ತಿದ್ದರು. 19ನೇ ಶತಮಾನದ ಕೊನೆಯ ದಶಕದಲ್ಲಿ ಸಕಲೇಶಪುರದಲ್ಲಿ ಮಂಜರಾಬಾದ್ ಕ್ಲಬ್ಬು ಹುಟ್ಟಿದ್ದು ಇಂಥ ಅಗತ್ಯದಿಂದಲೇ. ಆ ಕ್ಲಬ್ಬು ಈಗ ನಮ್ಮವರದೇ ಆಗಿ ನಡೆದುಬಂದಿದೆ. ಈ ಕುರಿತು ಆಂಗ್ಲ ಲೇಖಕರು ಸಾಕಷ್ಟು ಬರೆದಿರುವುದರಿಂದ ಮುಂದೆ ಹೋಗೋಣ.

ಮಾಗಿಯಲ್ಲಿ ಬಂದ ಮತ್ತೊಂದು ವರ್ಗದವರು ಮಿಷನರಿ ಗುರುಗಳು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯ ಕ್ರೈಸ್ತರ ಆರೈಕೆಗೆ ಬಂದ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ ಅವರು 1823ರವರೆಗೆ ಇಲ್ಲಿ ದುಡಿದರು. ಕಾವಿ ಉಟ್ಟು, ಈ ನೆಲದ ಜನರಂತೆಯೇ ಬದುಕಿದ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಅವರು ಪಟ್ಟ ಶ್ರಮವೂ, ಇಲ್ಲಿನ ಆಚಾರ ವಿಚಾರಗಳ ಕುರಿತು ಅವರು ಬರೆದು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಗ್ರಂಥವೂ ಪ್ರಸಿದ್ಧ. ಗ್ರಂಥದಲ್ಲಿನ ಕೆಲವು ಕಟು ಅಭಿಪ್ರಾಯಗಳನ್ನು ಇಂದು ಒಪ್ಪುವುದು ಕಷ್ಟ. ಅದು ಬೇರೆಯೇ ಚರ್ಚೆ. ಬಡ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಒದಗಿಸಬೇಕೆಂಬ ಅವರ ಪ್ರಯತ್ನ ನಮ್ಮ ವಿಷಯಕ್ಕೆ ಮುಖ್ಯ. ಹಾಸನದ ಸುತ್ತಣ ಹಳ್ಳಿಗಳಲ್ಲಿ ಕನ್ನಡ ಮಾತಾಡುವ ಕ್ರೈಸ್ತ ರೈತರ ಸಮುದಾಯ ಬೆಳೆದುಬಂದ ಕಥೆಯೊಂದಿಗೆ ಅವರ ಹೆಸರು ಸೇರಿಕೊಂಡಿದೆ.

ಅವರ ಬಳಿಕ ಬಂದ ಗುರುಗಳು, ವಿಶೇಷವಾಗಿ 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಗಿ ಬಿಷಪ್ ಶಾರ್ಬೊನೊ ಅವರ ಪಾಲನೆಗೆ ಬಂದ ಮೇಲೆ, ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಹಳ್ಳಿ ಹಳ್ಳಿ ಸಂಚರಿಸಿದರು. ದೂರದ ಸಂಚಾರಕ್ಕೆ ಅನುಕೂಲವಾದದ್ದು ಒಣ ಕಾಲವೇ. ವರ್ಷಕ್ಕೊಮ್ಮೆ ಗುರುಗಳ ಮುಖ ಕಾಣುವ ಕುಟುಂಬಗಳು ಆಗಲೇ ಮಗುವಿಗೆ ದೀಕ್ಷಾಸ್ನಾನ, ಆಗಲೇ ಮದುವೆಗೆ ಆಶೀರ್ವಾದ, ಆಗಲೇ ಪಾಪನಿವೇದನೆ ಎಂದು ಎಲ್ಲವನ್ನೂ ಆ ಕೆಲವು ದಿನಗಳಿಗೆ ಇಟ್ಟುಕೊಳ್ಳುತ್ತಿದ್ದವು. ಉಳಿದ ತಿಂಗಳುಗಳಲ್ಲಿ ಪ್ರಾರ್ಥನೆ ನಡೆಸುವವನು, ಮಕ್ಕಳಿಗೆ ಜಪ ಕಲಿಸುವವನು, ಸತ್ತವರನ್ನು ಮಣ್ಣು ಮಾಡುವಾಗ ನಿಲ್ಲುವವನು ಊರಿನ ಉಪದೇಶಿ.

ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಜಪಮಾಲೆ ಮಾತೆಯ ದೇವಾಲಯ ಎದ್ದು ನಿಂತದ್ದು ಈ ಹಿನ್ನೆಲೆಯಲ್ಲಿ. ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿರುವ ಆ ದೇವಾಲಯವು ಚೂಪು ಕಮಾನುಗಳ ಗಾಥಿಕ್ ಶೈಲಿಯದು. ಸುಣ್ಣದ ಗಾರೆಗೆ ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಬೆರೆಸಿ ಕಟ್ಟಿದರೆಂದು ಹೇಳುವುದುಂಟು. ಇಂದು ಪ್ರವಾಸಿಗಳಿಗೆ ಹೇಳುವ ಕಥೆ ಹೀಗಿದೆ: ಆಲೂರು ಮತ್ತು ಸಕಲೇಶಪುರದ ಸಿರಿವಂತ ಬ್ರಿಟಿಷ್ ತೋಟಗಾರರಿಗಾಗಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚಿದು. ಈ ಒಂದು ವಾಕ್ಯ ಎಲ್ಲೆಡೆ ಮರುಮುದ್ರಣಗೊಳ್ಳುತ್ತಿದೆ.

ಈ ಕಥೆಯನ್ನು ಸ್ವಲ್ಪ ತೂಗಿ ನೋಡಬೇಕು. ಬ್ರಿಟಿಷ್ ತೋಟಗಾರರಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟ್ ಸಭೆಗಳಿಗೆ ಸೇರಿದವರು. ಅವರ ಬಂಗಲೆಗಳಿದ್ದದ್ದು ಪಡುವಣದ ಬೆಟ್ಟಗಳಲ್ಲಿ. ಒಂದು ಎತ್ತಿನಗಾಡಿಯ ಪಯಣದ ಲೆಕ್ಕದಲ್ಲಿ ನೋಡಿದರೆ ಶೆಟ್ಟಿಹಳ್ಳಿ ಅವರಿಗೆ ಪ್ರತಿ ಭಾನುವಾರ ಬಂದುಹೋಗುವಷ್ಟು ಹತ್ತಿರವಲ್ಲ. ತೋಟಗಾರರಲ್ಲಿ ಯಾರಾದರೂ ಹಣ ನೀಡಿರಬಹುದು, ಹಬ್ಬಕ್ಕೆ ಬಂದಿರಲೂಬಹುದು. ಆದರೆ ಫ್ರೆಂಚ್ ಗುರುಗಳ ಮುಖ್ಯ ಕಾರ್ಯ ನಡೆದದ್ದು ಕನ್ನಡ ರೈತರ ನಡುವೆ. ಅಷ್ಟು ದೊಡ್ಡ ದೇವಾಲಯದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಜಪಸರ ಹೇಳಿದವರು ಸುತ್ತಣ ಹಳ್ಳಿಗಳ ಒಕ್ಕಲು ಮಕ್ಕಳು. ಕಲ್ಲು ಹೊತ್ತವರು, ಗಾರೆ ಅರೆದವರು ಅವರೇ ಎಂದು ಊಹಿಸುವುದಕ್ಕೆ ಹೆಚ್ಚಿನ ಪಾಂಡಿತ್ಯ ಬೇಕಿಲ್ಲ. ಪಾಳುಗೋಡೆಯ ಮೇಲೆ ಬ್ರಿಟಿಷರ ಹೆಸರು ಮಾತ್ರ ಉಳಿದು, ಅಲ್ಲಿ ದೀಕ್ಷಾಸ್ನಾನ ಪಡೆದು ಅಲ್ಲೇ ಮಣ್ಣಾದವರ ಹೆಸರು ಅಳಿದುಹೋಗುವುದಾದರೆ ಅದು ಅನ್ಯಾಯವೆಂದೇ ಈ ಲೇಖಕನ ಅಭಿಪ್ರಾಯ.

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಸಾಮರ್ಥ್ಯ 37 ಟಿ.ಎಂ.ಸಿ. ಅಡಿಗೂ ಮಿಗಿಲು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಆ ನೀರು ಹರಿಯಿತು. ಅದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಮುಳುಗಿದ ಹಳ್ಳಿಗಳ ಜನ ಮಾತ್ರ ಮನೆಯ ತೊಲೆ, ಬಾಗಿಲು, ಹೆಂಚುಗಳನ್ನು ಕಳಚಿಕೊಂಡು ಬೇರೆಡೆಗೆ ನಡೆದರು. ಶೆಟ್ಟಿಹಳ್ಳಿಯ ದೇವಾಲಯದಲ್ಲಿ ಬಲಿಪೂಜೆ ನಿಂತಿತು. ಮಾಡು ಹೋಯಿತು, ಗೋಡೆಗಳು ನಿಂತವು. ಅಂದಿನಿಂದ ಪ್ರತಿ ಮಳೆಗಾಲದಲ್ಲೂ ನೀರು ಏರುತ್ತದೆ. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಜಪಮಾಲೆ ಮಾತೆಯ ಹಬ್ಬ ಬರುವ ಅಕ್ಟೋಬರ್ ತಿಂಗಳಲ್ಲಿ, ಎಲ್ಲೆಡೆ ಭಕ್ತರು ಜಪಸರ ಹಿಡಿದು ಮೆರವಣಿಗೆ ನಡೆಸುವ ದಿನಗಳಲ್ಲಿ, ಆ ದೇವಾಲಯ ಸೊಂಟದವರೆಗೆ ನೀರಿನಲ್ಲಿರುತ್ತದೆ. ಮಾಗಿ ಮುಂದುವರಿದಂತೆ ನೀರು ಹಿಂದೆ ಸರಿದು ದಾರಿ ಒಣಗುತ್ತದೆ. ಆಗ ಕ್ಯಾಮೆರಾ ಹಿಡಿದವರು ಬರುತ್ತಾರೆ. ಮದುವೆಗೆ ಮುನ್ನ ಚಿತ್ರ ತೆಗೆಸಿಕೊಳ್ಳುವ ಜೋಡಿಗಳೂ ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಒಂದು ಕಾಲಕ್ಕೆ ಅಲ್ಲಿ ಎಷ್ಟೋ ಮದುವೆಗಳು ನಡೆದವಲ್ಲವೇ? ಆದರೆ ನೆನೆದು ಒಣಗಿ ನೆನೆದು ಒಣಗಿ ಸಡಿಲವಾದ ಗೋಡೆಗಳ ಮೇಲೆ ಹತ್ತುವ ಹುಡುಗರಿಗೆ ಹಿರಿಯರು ಬುದ್ಧಿ ಹೇಳಬೇಕು.

ಜಲಾಶಯದ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಮುಳುಗಡೆಯಾದವರಿಗೆ ಮಲೆಯ ಅಂಚಿನಲ್ಲಿ ಜಮೀನು ಹಂಚಲಾಯಿತು; ಹಿನ್ನೀರು ಹರಡಿತು; ಕಾಡು ಹರಿದು ತುಂಡುತುಂಡಾಯಿತು. ಆನೆಗಳು ಕಾಫಿ ತೋಟಗಳಲ್ಲೇ ಹಗಲು ಕಳೆಯುವುದನ್ನು ರೂಢಿಸಿಕೊಂಡವು. ಆಲೂರು, ಸಕಲೇಶಪುರದ ಆನೆ ಸಮಸ್ಯೆಗೆ ಕಾರಣಗಳು ಹಲವು, ಅವುಗಳಲ್ಲಿ ಇದೂ ಒಂದು. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ.

ಹಾಡಿಗೂ ಇದಕ್ಕೂ ಸಂಬಂಧವುಂಟು. ಅದನ್ನು ಹೇಳುವ ಮೊದಲು ಇಗರ್ಜಿಯ ಹಾಡಿನ ಕಥೆ ಸ್ವಲ್ಪ ಹೇಳಬೇಕು. 1963ನೆಯ ಇಸವಿ ನಮ್ಮ ಭಾಗಕ್ಕೆ ಎರಡು ಕಾರಣಗಳಿಂದ ಮರೆಯಲಾಗದ್ದು. ಆ ವರ್ಷದ ನವೆಂಬರ್ 16ರಂದು ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ ರಚನೆಯಾಯಿತು. ಹಾಸನ ಜಿಲ್ಲೆ ಅದರ ಭಾಗವಾಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಕುರಿತ ಸಂವಿಧಾನವನ್ನು ಹೊರಡಿಸಿತು. ಜನರ ಭಾಷೆಯಲ್ಲಿ ಬಲಿಪೂಜೆ ನಡೆಯಲು ಅದು ದಾರಿ ತೆರೆಯಿತು. ಅಲ್ಲಿಯವರೆಗೆ ಬಲಿಪೂಜೆಯ ಗಾಯನ ಲ್ಯಾಟಿನ್ ಭಾಷೆಯದು. ಕನ್ನಡದ ಕೀರ್ತನೆಗಳು ಮೆರವಣಿಗೆಗೆ, ಮನೆಯ ಜಪಕ್ಕೆ, ಹಬ್ಬದ ಹಿಂದಿನ ರಾತ್ರಿಗೆ ಮೀಸಲು. ಹಿರಿಯರು ಲ್ಯಾಟಿನ್ ಪದಗಳ ಅರ್ಥ ತಿಳಿಯದೆ ರಾಗವನ್ನು ಮಾತ್ರ ತಪ್ಪದೆ ಹಾಡುತ್ತಿದ್ದರು. ಹೊಸ ಧರ್ಮಕ್ಷೇತ್ರ ತನ್ನ ಮೊದಲ ವರ್ಷಗಳಲ್ಲೇ ಕನ್ನಡದಲ್ಲಿ ಹಾಡಲು ಕಲಿಯಬೇಕಾಯಿತು. ಹಾರ್ಮೋನಿಯಂ ಮತ್ತು ತಬಲ ದೇವಾಲಯದ ಒಳಗೆ ಬಂದವು.

ಬೆಟ್ಟದ ಧರ್ಮಕೇಂದ್ರಗಳಲ್ಲಿ ಕನ್ನಡವೊಂದೇ ಇರಲಿಲ್ಲ. ಮಂಗಳೂರಿನ ಕಡೆಯಿಂದ ತೋಟಗಳಿಗೆ ರೈಟರಾಗಿ, ಬಡಗಿ, ಮೇಸ್ತ್ರಿಗಳಾಗಿ ಬಂದವರು ಕೊಂಕಣಿ ಹಾಡುಗಳನ್ನು ತಂದಿದ್ದರು. ತಮಿಳು ಕಾರ್ಮಿಕ ಕುಟುಂಬಗಳು, ಕೇರಳದಿಂದ ಬಂದು ನೆಲೆಸಿದ ಕೃಷಿಕರು ತಮ್ಮ ತಮ್ಮವನ್ನು ತಂದರು. ಡಿಸೆಂಬರಿನ ಕ್ಯಾರಲ್ ತಂಡದಲ್ಲಿ ಇವರೆಲ್ಲರ ಮಕ್ಕಳು. ಒಂದು ಮನೆಯ ಮುಂದೆ ಕೊಂಕಣಿ, ಮುಂದಿನ ಮನೆಯ ಮುಂದೆ ತಮಿಳು, ಬಂಗಲೆಯ ಮುಂದೆ ಇಂಗ್ಲಿಷ್, ಲೈನಿನ ಮುಂದೆ ಕನ್ನಡ. ಕೊಯ್ಲಿನ ದಿನಗಳಾದ್ದರಿಂದ ಸಂಜೆ ಅಳತೆ ಮುಗಿದು ಜನ ಕೈಕಾಲು ತೊಳೆದುಕೊಳ್ಳುವವರೆಗೆ ತಂಡ ಕಾಯಬೇಕು. ಗ್ಯಾಸ್‌ಲೈಟ್ ಹೊತ್ತವನು ಮುಂದೆ, ಡೋಲಕ್ ಹಿಡಿದವನು ಹಿಂದೆ, ಬಾಲಯೇಸುವಿನ ಪ್ರತಿಮೆ ನಡುವೆ. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಎರಡು ಮೈಲಿ ಇಬ್ಬನಿಯ ದಾರಿ. ಕ್ರೈಸ್ತರಲ್ಲದ ಮನೆಗಳವರೂ ಬಾಗಿಲು ತೆರೆದು ಬಿಸಿ ಕಾಫಿ ಕೊಡುತ್ತಿದ್ದರು. ಬೆಟ್ಟದ ಹಳ್ಳಿಗಳ ಸ್ವಂತ ಹಾಡು, ಕುಣಿತಗಳೆಲ್ಲ ಸುಗ್ಗಿಗೆ ಸೇರಿದವು. ಸುಗ್ಗಿ ಬರುವುದು ಯುಗಾದಿಯ ಸುತ್ತಮುತ್ತ. ಆದ್ದರಿಂದ ಕೊಯ್ಲಿನ ನಡುವಣ ಈ ಚಳಿಯ ರಾತ್ರಿಗಳಲ್ಲಿ ಊರ ದಾರಿಯಲ್ಲಿ ಕೇಳಿಬರುವ ಹಾಡೆಂದರೆ ಬಹುಮಟ್ಟಿಗೆ ಕ್ಯಾರಲ್ ತಂಡದ್ದೇ.

ಆನೆಗಳ ಭಯದಿಂದ ಆ ನಡಿಗೆ ಈಗ ಕಷ್ಟವಾಗಿದೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಮಕ್ಕಳನ್ನು ಕರೆದೊಯ್ಯುವ ಧೈರ್ಯ ಯಾರಿಗೂ ಇಲ್ಲ. ಜೀಪಿನಲ್ಲಿ ಹೋಗುವುದು, ಇಲ್ಲವೇ ಹಗಲಲ್ಲೇ ಮುಗಿಸುವುದು. ಹಗಲಲ್ಲಿ ಹೋದರೆ ಲೈನು ಮನೆಗಳಿಗೆ ಬೀಗ, ಜನರೆಲ್ಲ ತೋಟದಲ್ಲಿ. 2023ರ ಡಿಸೆಂಬರ್ 4ರಂದು ಮೈಸೂರು ದಸರೆಯಲ್ಲಿ 8 ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನನೆಂಬ ಆನೆ, ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಗೆ ಬಂದು, ಒಂಟಿ ಸಲಗದೊಡನೆ ಕಾದಾಡಿ ಮಡಿಯಿತು. ಅದನ್ನು ಮಣ್ಣು ಮಾಡಿದ ಸ್ಥಳಕ್ಕೂ ಈಗ ಜನ ಹೋಗಿ ಕೈಮುಗಿಯುತ್ತಾರೆ.

ರೈಲಿನ ವಿಚಾರವನ್ನೂ ಸೇರಿಸಬೇಕು. ಹಾಸನದಿಂದ ಸಕಲೇಶಪುರಕ್ಕೆ 1976ರಲ್ಲಿ, ಘಟ್ಟವಿಳಿದು ಮಂಗಳೂರಿನವರೆಗೆ 1979ರಲ್ಲಿ ರೈಲು ಓಡಿತು. ಹೇಮಾವತಿ ಅಣೆಕಟ್ಟು ಮುಗಿದ ವರ್ಷವೇ ಅದು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವೆ 57 ಸುರಂಗಗಳು. ಹಳಿ ಅಗಲಗೊಳಿಸಲೆಂದು 1996ರಲ್ಲಿ ಘಟ್ಟದ ಮಾರ್ಗವನ್ನು ಮುಚ್ಚಿದರು; ಗೂಡ್ಸ್ ಗಾಡಿಗಳು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ ಮತ್ತೆ ಓಡಿದವು. ರೈಲಿಲ್ಲದ ಆ ವರ್ಷಗಳಲ್ಲಿ ಹಳಿಯ ಗುಂಟ ನಡೆಯುವ ಚಾರಣಿಗರ ಪದ್ಧತಿ ಹುಟ್ಟಿಕೊಂಡಿತು. ಈಗ ಅದು ನಿಷಿದ್ಧ; ಸುರಂಗದೊಳಗೆ ರೈಲು ಎದುರಾದರೆ ಸರಿದು ನಿಲ್ಲಲು ತಾವಿಲ್ಲ. 2021ರ ಜುಲೈಯಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯನ್ನು ಜೋಡಿಸಿದ್ದಾರೆ, ಕುಳಿತೇ ಕಣಿವೆ ನೋಡಬಹುದು.

ಶಾಸ್ತ್ರೀಯ ಸಂಗೀತವೇ ಬೇಕೆನ್ನುವ ಅತಿಥಿಗೆ ನಮ್ಮ ಜಿಲ್ಲೆ ಬರಿಗೈಯಲ್ಲಿ ಕಳುಹಿಸುವುದಿಲ್ಲ. ಬೆಟ್ಟವಿಳಿದು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋದರೆ, ಕಾವೇರಿಯ ದಡದ ಆ ಸಣ್ಣ ಊರು ಎಷ್ಟು ಗಾಯಕರನ್ನು ಹೆತ್ತಿದೆಯೆಂದು ಆಶ್ಚರ್ಯವಾಗುತ್ತದೆ. ಆರ್.ಕೆ. ಶ್ರೀಕಂಠನ್ ಅವರು 1920ರ ಜನವರಿ 14ರಂದು, ಮಾಗಿಯ ನಡುವೆಯೇ, ಅಲ್ಲಿ ಹುಟ್ಟಿದರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಮಂದಿರವೂ ಎದ್ದಿದೆ. ಪ್ರವಾಸದ ಪಟ್ಟಿಗಳಲ್ಲಿ ಈ ಊರಿನ ಹೆಸರು ಅಪರೂಪಕ್ಕೂ ಕಾಣದಿರುವುದು ವಿಚಿತ್ರ.

ಇಂದಿನ ಕೊಯ್ಲಿಗೆ ತುಳುನಾಡಿನಿಂದ ಬರುವವರು ಕಡಿಮೆಯಾಗಿದ್ದಾರೆ. ಅವರ ಮಕ್ಕಳು ಓದಿ ಮಂಗಳೂರು, ಮುಂಬಯಿ, ಕೊಲ್ಲಿ ನಾಡುಗಳಿಗೆ ಹೋದರು. ಬಯಲುಸೀಮೆಯವರಿಗೂ ನಾಲೆಯ ನೀರು ಬಂತು, ಬೆಂಗಳೂರು ಹತ್ತಿರವಾಯಿತು. ಅವರ ಜಾಗಕ್ಕೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯ ಕುಟುಂಬಗಳು ಬಂದಿವೆ. ಬುಶೆಲ್ ಪೆಟ್ಟಿಗೆಯ ಬದಲು ತಕ್ಕಡಿ, ಕಿಲೋ ಲೆಕ್ಕದ ಕೂಲಿ. ಮುಂಗಡ ತರುವ ಮಧ್ಯವರ್ತಿ ಈಗಲೂ ಇದ್ದಾನೆ, ಮೊಬೈಲಿನಲ್ಲಿ ಮಾತಾಡುತ್ತಾನೆ ಅಷ್ಟೇ. ಇವರ ಮಕ್ಕಳು ಕನ್ನಡ ಶಾಲೆಯ ಬೆಂಚಿನಲ್ಲಿ ಎರಡು ತಿಂಗಳು ಕುಳಿತು ಮತ್ತೆ ಎಲ್ಲಿಗೋ ಹೋಗುತ್ತಾರೆ. ಹೋಮ್‌ಸ್ಟೇಯ ಅತಿಥಿಗಳು ತೋಟದಲ್ಲಿ ನಿಂತು ಇವರ ಚಿತ್ರ ತೆಗೆಯುತ್ತಾರೆ. ಇಬ್ಬರಿಗೂ ಪರಸ್ಪರ ಭಾಷೆ ತಿಳಿಯದು. ಈ ಕುಟುಂಬಗಳಲ್ಲಿ ಕ್ರಿಸ್ತಜಯಂತಿ ಆಚರಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಂಡು ಲೈನು ಮನೆಗಳ ಬಾಗಿಲಿಗೆ ಹೋಗುವ ಕ್ಯಾರಲ್ ತಂಡಗಳು ಎಷ್ಟಿವೆಯೋ, ಧರ್ಮಕೇಂದ್ರದ ಯುವಜನರೇ ಹೇಳಬೇಕು. ನೂರು ವರ್ಷಗಳ ಹಿಂದೆ ನಮ್ಮ ಅಜ್ಜ ಅಜ್ಜಿಯರು ಈ ಬೆಟ್ಟಗಳಿಗೆ ಬಂದಾಗ ಅವರ ಹಾಡೂ ಇಲ್ಲಿ ಯಾರಿಗೂ ತಿಳಿಯದ ಭಾಷೆಯದಾಗಿತ್ತು.

ಮಾಗಿಯ ಹವೆಯೂ ಮೊದಲಿನಂತಿಲ್ಲ. 2021ರ ನವೆಂಬರಿನಲ್ಲಿ ಕೊಯ್ಲಿನ ಹೊತ್ತಿಗೆ ಸುರಿದ ಮಳೆಗೆ ಹಣ್ಣು ಗಿಡದಲ್ಲೇ ಒಡೆದು ಉದುರಿತು, ಕಣದಲ್ಲಿದ್ದದ್ದು ಬೂಷ್ಟು ಹಿಡಿಯಿತು. ಕಾಫಿಗೆ ಒಳ್ಳೆಯ ಬೆಲೆ ಬಂದ ಮುಂದಿನ ವರ್ಷಗಳಲ್ಲೂ ಡಿಸೆಂಬರ್ ಮೋಡ ಕಂಡರೆ ತೋಟದವರ ಎದೆ ಹೊಡೆದುಕೊಳ್ಳುತ್ತದೆ. ರಜೆಯ ಅತಿಥಿಗಳು ಜನವರಿ ಮೊದಲ ವಾರಕ್ಕೆ ಹಿಂದಿರುಗುತ್ತಾರೆ. ಮೂವರು ರಾಯರ ಹಬ್ಬದೊಂದಿಗೆ ಗೋದಲಿಯನ್ನೂ ಬಿಚ್ಚುತ್ತಾರೆ. ರೋಬಸ್ಟಾ ಕೊಯ್ಲು ಫೆಬ್ರವರಿಯವರೆಗೂ ನಡೆಯುತ್ತದೆ. ಆಮೇಲೆ ಒಂದು ಹದವಾದ ಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿ ಹೂವಾಗಿ ಮಲ್ಲಿಗೆಯಂಥ ಪರಿಮಳ ಊರನ್ನು ತುಂಬುತ್ತದೆ. ಆ ಹೊತ್ತಿಗೆ ಹೋಮ್‌ಸ್ಟೇಗಳು ಬಹುತೇಕ ಖಾಲಿ. ಹೂವಿರುವುದು ಮೂರು ನಾಲ್ಕು ದಿನ. ಅದನ್ನು ನೋಡುವವರು ತೋಟದಲ್ಲಿ ಕೆಲಸಕ್ಕೆ ಉಳಿದವರು ಮಾತ್ರ.